ಸುಟ್ಟ ಬೀಜದ ವಾಸನೆ

ಸತ್ತವರು ಕಣ್ಣಿಂದ ದಾರಿ ನೋಡಿಕೊಂಡು ಬರುವುದಿಲ್ಲ, ಮೂಗಿನಿಂದ ಬರುತ್ತಾರೆ. ಮೆಕ್ಸಿಕೋದ ತ್ಲಾಕೊಲೂಲಾ ಊರಿನಲ್ಲಿ ಇದು ಆಗತಾನೇ ನಡೆಯಲು ಕಲಿತ ಮಗುವಿಗೂ ಗೊತ್ತು. ವರ್ಷಕ್ಕೊಮ್ಮೆ, ನವೆಂಬರ್ ಶುರುವಿನಲ್ಲಿ, ಅವರಿಗೆ ಮನೆಗೆ ಬರಲು ಬಿಡುವು ಸಿಗುತ್ತದೆ. ಬೀದಿಬಾಗಿಲಿಂದ ಪೂಜೆಯ ಮೇಜಿನವರೆಗೆ ಚೆಂಡುಹೂವಿನ ಎಸಳು ಉದುರಿಸಿ, ಧೂಪ ಹಾಕಿ, ಅವರವರ ಮನೆಯ ಕರಿಗೊಜ್ಜನ್ನು ಬಿಸಿಬಿಸಿಯಾಗಿ ಇಡಬೇಕು. ಗೊಜ್ಜಿನ ವಾಸನೆ ಹಿಡಿದು ಅವರು ಬರುತ್ತಾರೆ. ವಾಸನೆ ಒಂಚೂರು ಆಚೀಚೆ ಆಯಿತೋ, ಬಾಗಿಲ ತನಕ ಬಂದವರು ಇದು ಯಾರದೋ ಮನೆ ಅಂದುಕೊಂಡು ಹಾಗೇ ಹಿಂದಿರುಗುತ್ತಾರೆ. ಸತ್ತವರಿಗೆ ಬಾಗಿಲು ತಟ್ಟಿ ಕೇಳುವ ಅಭ್ಯಾಸವಿಲ್ಲ.

ಮಕ್ಲೋವಿಯಾಳ ಮಗಳು ನೆರೈದಾ ಜನವರಿಯಲ್ಲಿ ಹೋದಳು. ಹತ್ತೊಂಬತ್ತರ ಹುಡುಗಿ. ತಾಯಿಗೂ ಮಗಳಿಗೂ ಒಂದೇ ಜ್ವರ ಬಂದಿತ್ತು. ಹೋಗುವಾಗ ಅದು ಮಗಳ ಜೀವ ತೆಗೆದುಕೊಂಡು ಹೋಯಿತು, ತಾಯಿಯ ಮೂಗನ್ನೂ ತೆಗೆದುಕೊಂಡು ಹೋಯಿತು. ಮೂಗೇನೋ ಮುಖದ ಮೇಲೆ ಇತ್ತು, ಕೆಲಸಕ್ಕೆ ಮಾತ್ರ ಇರಲಿಲ್ಲ. ಸುತ್ತಲ ಹಳ್ಳಿಗಳ ಮದುವೆಗೆಲ್ಲ ಗೊಜ್ಜು ಕಾಯಿಸಿಕೊಟ್ಟ ಹೆಂಗಸು, ಒಲೆಯ ಮೇಲೆ ಹಾಲು ಸೀದರೂ ಪಕ್ಕದ ಮನೆಯವರು ಕೂಗಿ ಹೇಳಬೇಕಾಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಇವಳಿಗೆ ಹಲ್ಲೂ ಕಡಲೆಯೂ ಒಟ್ಟಿಗೇ ಹೋಗಿದ್ದವು.

ಈಗ ಮಗಳ ಮೊದಲ ಹಬ್ಬ ಬಂದಿತ್ತು. ಗೊಜ್ಜು ಮಾಡಬೇಕಾದವಳಿಗೆ ವಾಸನೆಯೇ ಇಲ್ಲ.

ಕರಿಗೊಜ್ಜು ಸುಮ್ಮನೆ ಆಗುವ ಅಡುಗೆಯಲ್ಲ. ನಾಲ್ಕಾರು ಬಗೆಯ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಬಾಳೆಹಣ್ಣು, ಚಾಕೊಲೇಟು, ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಅರೆದು, ಕೊನೆಗೆ ಮೆಣಸಿನ ಬೀಜವನ್ನು ಹೆಂಚಿನ ಮೇಲೆ ಕರಕಲಾಗುವ ತನಕ ಸುಟ್ಟು ಬೆರೆಸಬೇಕು. ಬಣ್ಣವೂ ಅದರಿಂದಲೇ, ವಾಸನೆಯೂ ಅದರಿಂದಲೇ. ಆ ಹೊಗೆ ಎದ್ದಿತೆಂದರೆ ಓಣಿಯೆಲ್ಲ ಕೆಮ್ಮುತ್ತದೆ. ಇನ್ನು ಪಾತ್ರೆ ಒಲೆಗೆ ಏರಿದ ಮೇಲೆ ಒಬ್ಬರೇ ತಿರುವಬೇಕು. ಎರಡನೆಯ ಕೈ ಬಿದ್ದರೆ ಗೊಜ್ಜು ಒಡೆಯುತ್ತದೆ, ಎಣ್ಣೆ ಒಂದು ಕಡೆ, ಹಿಟ್ಟು ಒಂದು ಕಡೆ. ಈ ವಿಷಯದಲ್ಲಿ ಮಕ್ಲೋವಿಯಾ ಪಾದ್ರಿಗಿಂತ ಕಟ್ಟುನಿಟ್ಟು. ನೆರೈದಾ ಚಿಕ್ಕಂದಿನಿಂದ ಸಟ್ಟುಗಕ್ಕೆ ಕೈಚಾಚಿದವಳು, ಒಮ್ಮೆಯೂ ಸಿಕ್ಕಿರಲಿಲ್ಲ.

"ಒಂದ್ ಸಲ ತಿರುವ್ತೀನಮ್ಮ, ಒಂದೇ ಒಂದ್ ಸಲ."

"ನಾನ್ ಸತ್ತ ಮೇಲೆ ತಿರುವುವಂತೆ. ಈಗ ಹೋಗಿ ಬೀಜ ಸುಡು ಹೋಗು."

ಹೀಗೆ ಯಾರಿಗೂ ಬೇಡವಾದ ಬೀಜ ಸುಡುವ ಕೆಲಸ ಮಗಳ ಪಾಲಿಗೆ ಬಂದಿತ್ತು. ಅವಳು ಹಿತ್ತಲ ಕಿತ್ತಳೆ ಮರದ ಕೆಳಗೆ ಒಲೆ ಹೂಡಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಾಡು ಗುನುಗುತ್ತ ಸುಡುತ್ತಿದ್ದಳು. ಹಾಡಿನಲ್ಲಿ ಮೈಮರೆತು ಹೆಚ್ಚೇ ಸುಡುತ್ತಿದ್ದಳು. ಗೋಡೆಯಾಚೆ ಉಬ್ಬಸದ ತೋಮಾಸಾ ಕೆಮ್ಮುತ್ತ ಬೈಯುತ್ತಿದ್ದಳು, ಗೋಡೆಯೀಚೆ ತಾಯಿ ಬೈಯುತ್ತಿದ್ದಳು. ನಡುವೆ ಕೂತು ಹುಡುಗಿ ನಗುತ್ತಿದ್ದಳು. ಮಕ್ಲೋವಿಯಾ ಆ ಬೀಜವನ್ನು ಗೊಣಗುತ್ತಲೇ ಗೊಜ್ಜಿಗೆ ಹಾಕುತ್ತಿದ್ದಳು, ಎಸೆಯಲು ಮನಸ್ಸು ಬಾರದೆ.

ಊರಾಚೆ ಗೊಜ್ಜಿನ ಕಾರ್ಖಾನೆ ಇದೆ. ಮೆಣಸಿನಕಾಯಿ ಪ್ರತಿ ವರ್ಷ ಒಂದೇ ಥರ ಬರುವುದಿಲ್ಲ, ಒಮ್ಮೆ ಖಾರ, ಒಮ್ಮೆ ಸಪ್ಪೆ, ಮಳೆ ಜಾಸ್ತಿಯಾದರೆ ಒಳಗೇ ಬೂಷ್ಟು. ಬಾಟಲಿಗೊಂದು ರುಚಿ ಅಂತ ಗಿರಾಕಿಗಳು ಮುಖ ತಿರುಗಿಸಿದಾಗ ಕಾರ್ಖಾನೆಯವರು ಒಂದು ಯಂತ್ರ ತಂದರು. ಅದಕ್ಕೆ ಕೃತಕ ಬುದ್ಧಿ, ಜೊತೆಗೆ ಕೃತಕ ಮೂಗು. ಊರಿನ ಹೆಂಗಸರೆಲ್ಲರ ಗೊಜ್ಜು ನೋಡಿ, ಕೊನೆಗೆ ಮಕ್ಲೋವಿಯಾಳದ್ದನ್ನೇ ಆರಿಸಿ, ಅವಳು ಕಾಯಿಸಿದ ಪಾತ್ರೆ ಮೇಲೆ ಪಾತ್ರೆ ಮೂಸಿಸಿ ಯಂತ್ರಕ್ಕೆ ಪಾಠ ಹೇಳಿದರು. ಈಗ ಬಾಟಲಿಯ ಮೇಲೆ ಅವಳದೇ ಚಿತ್ರ, ಕೆಳಗೆ "ಮಕ್ಲೋವಿಯಾಳ ಕೈರುಚಿ" ಎಂಬ ಬರಹ.

ಸುಳ್ಳು ಹೇಳಬಾರದು, ಯಂತ್ರದಿಂದ ಒಳ್ಳೆಯದೇ ಆಯಿತು. ಕೈಯಲ್ಲಿ ಹಿಡಿದರೂ ಕಾಣದ ಬೂಷ್ಟನ್ನು ಅದು ಮೂಸಿಯೇ ಹಿಡಿದು ಪಕ್ಕಕ್ಕೆ ತಳ್ಳುತ್ತಿತ್ತು. ಬೀಜ ಸುಡುವ ಕೋಣೆಯಲ್ಲಿ ಕೆಮ್ಮಿ ರಕ್ತ ಉಗುಳುತ್ತಿದ್ದ ಹೆಂಗಸರು ಹೊರಗೆ ಬಂದು ಕೂತರು, ಮುಚ್ಚಿದ ಗೂಡಿನಲ್ಲಿ ಯಂತ್ರವೇ ಸುಡತೊಡಗಿತು. ಯಾರ ಕೆಲಸವೂ ಹೋಗಲಿಲ್ಲ, ಮಾರಾಟ ಹೆಚ್ಚಿ ಇನ್ನಷ್ಟು ಜನ ಬಂದರು. ಮೂಗು ಹೋದ ಮಕ್ಲೋವಿಯಾಳನ್ನೂ ಬಿಡಿಸದೆ ಮೆಣಸಿನಕಾಯಿ ಆರಿಸಲು ಕೂರಿಸಿದರು.

ಆದರೂ ಅವಳಿಗೆ ಆ ಯಂತ್ರದ ಮೇಲೆ ಹಳೆಯ ಸಿಟ್ಟು. ಪಾಠದ ದಿನಗಳಲ್ಲಿ, ಹೋದ ವರ್ಷದ ಈಸ್ಟರ್ ಹಬ್ಬದ ವಾರ, ಅವಳು ಒಯ್ದ ಒಂದು ಪಾತ್ರೆಯನ್ನು ಅದು ತಿರಸ್ಕರಿಸಿತ್ತು. "ಇದು ಮಕ್ಲೋವಿಯಾಳದ್ದಲ್ಲ" ಎಂದಿತ್ತು. ಯಂತ್ರ ನೋಡಿಕೊಳ್ಳುವ ಹುಡುಗಿ ದಾಮಾರಿಸ್ ಅದನ್ನು ಹಲ್ಲು ಕಿರಿಯುತ್ತ ಹೇಳಿದಾಗ ಮಕ್ಲೋವಿಯಾಗೆ ಮೈಯೆಲ್ಲ ಉರಿದಿತ್ತು. "ನಾನೇ ನಿಂತು ಕಾಯ್ಸಿದ್ದು ನಂದಲ್ವಂತೆ! ನಾಳೆ ನನ್ ಮುಖ ನಂದಲ್ಲ ಅನ್ನತ್ತೆ ಈ ತಗಡು!" ಎಂದು ಪಾತ್ರೆ ಎತ್ತಿಕೊಂಡು ಬಂದವಳು ಬಹಳ ದಿನ ದಾಮಾರಿಸಳ ಜೊತೆ ಮಾತು ಬಿಟ್ಟಿದ್ದಳು.

ಹಬ್ಬಕ್ಕೆ ಇನ್ನೊಂದು ದಿನ ಇರುವಾಗ ಮಕ್ಲೋವಿಯಾ ಬೆಳಿಗ್ಗೆಯೇ ಗೊಜ್ಜು ಕಾಯಿಸಿದಳು. ನೆನಪಿನಿಂದಲೇ ಎಲ್ಲ. ಬೀಜವನ್ನು ತಾನೇ ಹದವಾಗಿ ಸುಟ್ಟಳು, ಮಗಳ ಹಾಗೆ ಇದ್ದಿಲು ಮಾಡಲಿಲ್ಲ. ಪಾತ್ರೆಯ ಮೇಲೆ ಬಗ್ಗಿ ಮೂಸಿದಳು. ಬಿಸಿ ಹಬೆ ಮುಖಕ್ಕೆ ತಾಗಿತು, ಮತ್ತೇನೂ ಇಲ್ಲ. ಗೋಡೆಯ ಮೇಲಿಂದ ತೋಮಾಸಾಳಿಗೆ ಒಂದು ಚಮಚ ದಾಟಿಸಿದಳು.

"ಚೆನ್ನಾಗಿದೆ ಕಣೇ."

"ಚೆನ್ನಾಗಿದೆ ಅನ್ನೋದಲ್ಲ. ಅದೇನಾ ಹೇಳು. ಅವಳಿದ್ದಾಗ ಇರ್ತಿತ್ತಲ್ಲ, ಅದೇನಾ?"

ತೋಮಾಸಾ ಚಮಚ ನೆಕ್ಕಿ ಕಣ್ಣು ಒರೆಸಿಕೊಂಡಳು. "ಅದೇ ಕಣೇ, ಅದೇ."

ತೋಮಾಸಾ ಕನಿಕರಕ್ಕೆ ಹೇಳುತ್ತಿದ್ದಾಳೆ ಎಂದು ಮಕ್ಲೋವಿಯಾಗೆ ಗೊತ್ತಾಯಿತು. ಓಣಿಯಲ್ಲಿ ಯಾರನ್ನು ಕೇಳಿದರೂ ಅದೇ ಅನ್ನುತ್ತಾರೆ. ಮಗಳನ್ನು ಕಳೆದುಕೊಂಡವಳ ಮುಖಕ್ಕೆ ನಿನ್ನ ಗೊಜ್ಜು ಕೆಟ್ಟಿದೆ ಅನ್ನುವ ಗಟ್ಟಿಗರು ಯಾರಿದ್ದಾರೆ? ಕನಿಕರ ಇಲ್ಲದ್ದು ಒಂದೇ ಇತ್ತು. ಸಿಟ್ಟು ನುಂಗಿಕೊಂಡು, ಬಟ್ಟಲಿಗೆ ಬಟ್ಟೆ ಕಟ್ಟಿ, ಕಾರ್ಖಾನೆಗೆ ನಡೆದಳು.

ದಾಮಾರಿಸ್ ಬಟ್ಟಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಯಂತ್ರದ ಕೆಳಗಿಟ್ಟಳು. ಪರದೆಯ ಮೇಲೆ ಏನೇನೋ ಗೆರೆ ಓಡಿದವು. ಹುಡುಗಿ ಬಟ್ಟಲನ್ನು ತಿರುಗಿಸಿಟ್ಟು ಇನ್ನೊಮ್ಮೆ ಮೂಸಿಸಿದಳು.

"ಬಾಯಿ ಬಿಡೇ ಹುಡುಗಿ. ಏನಂತೆ ನಿನ್ ತಗಡು?"

"ಅದಲ್ವಂತೆ ಅಮ್ಮಾ."

"ಏನ್ ಕಮ್ಮಿ? ಹೇಳು, ಹಾಕ್ತೀನಿ."

"ಬೀಜ ಇನ್ನೂ ತುಂಬಾ ಸುಡ್ಬೇಕು. ಪೂರ್ತಿ ಇದ್ದಿಲಾಗ್ಬೇಕು." ದಾಮಾರಿಸ್ ಪರದೆಯ ಕಡೆ ತಿರುಗಿದಳು. "ಆಮೇಲೆ, ಬೇಜಾರ್ ಮಾಡ್ಕೋಬೇಡಿ, ಆ ಕಿತ್ತಳೆ ಎಲೆ ಹಾಕಿಲ್ಲ ನೀವು."

"ಯಾವ್ ಕಿತ್ತಳೆ ಎಲೆ?"

"ಸುಟ್ಟಿದ್ದು. ಅದರ ಹೊಗೆ ಬೀಜಕ್ಕೆ ಹಿಡಿದಿರತ್ತಲ್ಲ. ನಮ್ ಗೂಡಲ್ಲೂ ಅದನ್ನೇ ಹಾಕ್ತೀವಿ ಅಮ್ಮಾ, ಅದಿಲ್ದೆ ಈ ವಾಸನೆ ಬರಲ್ಲ. ಯಂತ್ರ ಮೊದಲನೇ ಪಾತ್ರೆಲೇ ಕಂಡುಹಿಡೀತು. ನೀವು ಬಾಯಿ ಬಿಡ್ಲಿಲ್ಲ, ನಿಮ್ ಮನೆ ಗುಟ್ಟು ಅಂದ್ಕೊಂಡು ನಾವೂ ಕೇಳ್ಲಿಲ್ಲ."

"ನನ್ ಗೊಜ್ಜಿಗೆ ಯಾವ್ ಕಾಲಕ್ಕೂ ಕಿತ್ತಳೆ ಎಲೆ ಬಿದ್ದಿಲ್ಲ!"

"ಒಂದ್ ಸಲ ಮಾತ್ರ ಇರ್ಲಿಲ್ಲ," ಎಂದಳು ದಾಮಾರಿಸ್ ಮೆಲ್ಲಗೆ. "ಆವತ್ತು ಈಸ್ಟರ್ ವಾರ ತಂದಿದ್ರಲ್ಲ, ಜಗಳ ಆಡ್ಕೊಂಡ್ ಹೋದ್ರಲ್ಲ, ಆ ಪಾತ್ರೇಲಿ. ಇವತ್ತಿಂದೂ ಅದೂ ಒಂದೇ ಥರ ಇದೆ."

ಮಕ್ಲೋವಿಯಾ ಮೆಣಸಿನಕಾಯಿ ಮೂಟೆಯ ಮೇಲೆ ಕೂತಳು. ಆ ಈಸ್ಟರ್ ವಾರ ನೆರೈದಾ ಊರಲ್ಲಿರಲಿಲ್ಲ. ಗೆಳತಿಯ ಮದುವೆಗೆಂದು ಕಡಲ ಕಡೆಗೆ ಹೋಗಿದ್ದಳು. ಬೀಜವನ್ನು ಅವತ್ತು ಮಕ್ಲೋವಿಯಾ ತಾನೇ ಸುಟ್ಟಿದ್ದಳು, ಮಗಳು ಇಲ್ಲದ್ದೇ ಒಳ್ಳೆಯದಾಯಿತು, ಈ ಸಲವಾದರೂ ಹದವಾಗಿ ಬಂತು ಎಂದು ಹೆಮ್ಮೆಪಟ್ಟಿದ್ದಳು. ಅವಳೊಬ್ಬಳೇ ಮಾಡಿದ ಪಾತ್ರೆ ಅದೊಂದೇ. ಅದನ್ನೇ ಯಂತ್ರ ನಿನ್ನದಲ್ಲ ಎಂದಿತ್ತು.

ಒಂದೇ ಕೈ, ಒಂದೇ ಕೈ ಎಂದು ಊರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದಳಲ್ಲ, ಅವಳ ಪಾತ್ರೆಯಲ್ಲಿ ಎರಡನೆಯ ಕೈ ಇಷ್ಟು ವರ್ಷ ಇತ್ತು. ಗೊಜ್ಜು ಒಡೆದಿರಲಿಲ್ಲ. ಆ ಕೈ ಇದ್ದದ್ದರಿಂದಲೇ ಅದು ಗೊಜ್ಜಾಗಿತ್ತು. "ಬೀಜ ಸುಡ್ತಿದ್ದೋಳು ನನ್ ಮಗಳು ಕಣೇ," ಎಂದಳು.

ದಾಮಾರಿಸ್ ಕಪಾಟಿನಿಂದ ಒಂದು ಬಾಟಲಿ ತೆಗೆದು ಅವಳ ಮಡಿಲಲ್ಲಿಟ್ಟಳು. "ಇದನ್ನ ಇಡಿ ಅಮ್ಮಾ. ಇದ್ರಲ್ಲಿ ಎಲ್ಲಾ ಸರಿಯಾಗಿದೆ."

"ನನ್ ಮಗಳ ಮುಂದೆ ಅಂಗಡಿ ಬಾಟಲಿ ಇಡ್ಲೇನೇ?"

"ಅಂಗಡೀದು ಅಂತ ಯಾಕಂತೀರಿ. ಅವಳದೇ ಅಲ್ವಾ ಅದು?"

ಮಕ್ಲೋವಿಯಾ ಮುಚ್ಚಳ ತಿರುಗಿಸಿ ಬಾಟಲಿಯನ್ನು ಮೂಗಿಗೆ ಒತ್ತಿಕೊಂಡಳು. ಎದೆ ತುಂಬ ಎಳೆದುಕೊಂಡಳು. ಮತ್ತೆ ಎಳೆದುಕೊಂಡಳು. ಸುತ್ತ ಛಾವಣಿ ತನಕ ಪೆಟ್ಟಿಗೆಗಳು, ಒಂದೊಂದರಲ್ಲೂ ಬಾಟಲಿಗಳು, ಒಂದೊಂದರಲ್ಲೂ ಮಗಳು. ಮೆಕ್ಸಿಕೋ ನಗರದಲ್ಲಿ ಗುರುತುಪರಿಚಯ ಇಲ್ಲದವರು ಮುಚ್ಚಳ ತೆಗೆದರೆ ಸಿಗುವವಳು ಹೆತ್ತವಳಿಗೆ ಸಿಗಲಿಲ್ಲ. ಅವಳು ಜೋರಾಗಿ ಅತ್ತಳು. ಬಾಟಲಿ ವಾಪಸು ಕೊಟ್ಟು, ಬಟ್ಟಲು ಅಲ್ಲೇ ಬಿಟ್ಟು ಎದ್ದಳು.

"ಬಾಟಲಿ ಬೇಡಮ್ಮ. ಏನು ಮಾಡ್ಬೇಕು ಅಂತ ಹೇಳ್ದೆಯಲ್ಲ, ಅಷ್ಟು ಸಾಕು. ನಿನ್ ತಗಡಿಗೆ ನಾನು ಸುಮ್ನೆ ಬೈದೆ."

ಮನೆಗೆ ಬಂದವಳು ನೇರ ಹಿತ್ತಲಿಗೆ ಹೋದಳು. ಕಿತ್ತಳೆ ಮರದ ಕೆಳಗಿನ ಕೊಂಬೆ, ಕೂತವರ ಕೈಗೆ ಎಟುಕುವ ಕೊಂಬೆ, ವರ್ಷಾನುಗಟ್ಟಲೆ ಬೋಳಾಗಿಯೇ ಇರುತ್ತಿತ್ತು. ಇರುವೆ ಎಲೆ ಕತ್ತರಿಸುತ್ತದೆ ಎಂದು ಮಕ್ಲೋವಿಯಾ ಬುಡಕ್ಕೆ ಬೂದಿ ಸುರಿದಿದ್ದಳು, ಸುಣ್ಣ ಬಳಿದಿದ್ದಳು, ಇರುವೆಗಳಿಗೆ ಹಿಡಿಶಾಪ ಹಾಕಿದ್ದಳು. ಈ ವರ್ಷ ಕೊಂಬೆಯ ತುಂಬ ಎಲೆ ಬಂದಾಗ ಬೂದಿ ಕೊನೆಗೂ ಕೆಲಸ ಮಾಡಿತು ಎಂದು ಸಮಾಧಾನ ಪಟ್ಟುಕೊಂಡಿದ್ದಳು. ಈಗ ಆ ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ತೋಮಾಸಾ," ಎಂದು ಕರೆದಳು. "ನೆರೈದಾ ಬೆಂಕಿಗೆ ಎಲೆ ಹಾಕ್ತಿದ್ಲೇನೇ?"

ಗೋಡೆಯ ಮೇಲೆ ತೋಮಾಸಾಳ ತಲೆ ಕಾಣಿಸಿತು. "ಹಾಕ್ತಿದ್ಲಲ್ಲ. ನನ್ ಉಬ್ಬಸಕ್ಕೆ ಅಂತ. ಆ ಘಾಟಿಗೆ ನಾನು ಸಾಯೋ ಹಾಗೆ ಕೆಮ್ಮೋದು ನೋಡಿ, ಅತ್ತೇ, ಎಲೆ ಹಾಕಿದ್ರೆ ಘಾಟು ಕಮ್ಮಿ ಆಗತ್ತೆ ಅಂತ ಕಿತ್ತು ಕಿತ್ತು ಹಾಕೋಳು. ಘಾಟೇನೂ ಕಮ್ಮಿ ಆಗ್ತಿರ್ಲಿಲ್ಲ ಬಿಡು. ಪಾಪ ಮಗು ಆಸೆಯಿಂದ ಮಾಡತ್ತೆ ಅಂತ ನಾನೂ ಸುಮ್ನಿದ್ದೆ. ಯಾಕೇ?"

"ಏನಿಲ್ಲ," ಎಂದಳು ಮಕ್ಲೋವಿಯಾ.

ಮರುದಿನ ಮಧ್ಯಾಹ್ನ ಅವಳು ಮರದ ಕೆಳಗೆ ಮಗಳು ಕೂರುತ್ತಿದ್ದ ಕಲ್ಲಿನ ಮೇಲೆ ಕೂತಳು. ಹೆಂಚು ಕಾಯಿಸಿ ಬೀಜ ಸುರಿದಳು. ಕಂದುಬಣ್ಣವಾಯಿತು, ಕಪ್ಪಾಯಿತು. ಅವಳ ಕೈ ರೂಢಿಯಂತೆ ಹೆಂಚು ಇಳಿಸಲು ಹೋಯಿತು. ತಡೆದುಕೊಂಡಳು. ಇನ್ನಷ್ಟು ಬಿಟ್ಟಳು. ಬೀಜಕ್ಕೆ ಬೆಂಕಿ ಹತ್ತಿ ಚಿಟಿಚಿಟಿ ಸಿಡಿಯಿತು. ಕೈಚಾಚಿ ಆ ಕೊಂಬೆಯಿಂದ ಎಲೆ ಕಿತ್ತು ಕಿತ್ತು ಕೆಂಡಕ್ಕೆ ಹಾಕಿದಳು. ದಟ್ಟ ಹೊಗೆ ಎದ್ದು ಗೋಡೆ ದಾಟಿತು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಗಂಟಲು ಉರಿಯುತ್ತಿತ್ತು. ಮೂಗಿಗೆ ಮಾತ್ರ ಏನೂ ಇಲ್ಲ. ಸರಿಯಾಯಿತೋ ಇಲ್ಲವೋ ಹೇಳುವವರು ಯಾರು? ಯಂತ್ರದ ಹತ್ತಿರ ಮತ್ತೆ ಓಡಲು ಹೊತ್ತಿರಲಿಲ್ಲ. ಬೀದಿಯಲ್ಲಿ ಆಗಲೇ ಜನ ಚೆಂಡುಹೂವಿನ ಹೊರೆ ಹೊತ್ತು ಮನೆಗೆ ಹೋಗುತ್ತಿದ್ದರು.

ಆಗ ಗೋಡೆಯಾಚೆ ಕೆಮ್ಮು ಕೇಳಿಸಿತು. ಒಂದು, ಎರಡು, ಆಮೇಲೆ ಉಸಿರು ಎಳೆಯಲಾಗದಷ್ಟು. ಅದರ ಹಿಂದೆಯೇ ಬಾಗಿಲು ದಢಾರನೆ ತೆಗೆದ ಸದ್ದು.

"ಲೇ ನೆರೈದಾ! ಸಾಯಿಸಿಬಿಡ್ತೀಯೇನೇ ನನ್ನ? ಎಷ್ಟು ಸಲ ಹೇಳೋದೇ, ಕಮ್ಮಿ ಸುಡು ಅಂತ!"

ಮಾತು ಅಲ್ಲಿಗೆ ನಿಂತಿತು. ಆಮೇಲೆ ತೋಮಾಸಾಳ ದನಿ ಸಣ್ಣಗೆ ಬಂತು.

"ತಪ್ಪಾಯ್ತು ಕಣೇ ಮಕ್ಲೋವಿಯಾ. ವಾಸನೆ ಬಂತು ನೋಡು, ಬಾಯಿ ತಪ್ಪಿ ಬಂದ್ಬಿಡ್ತು. ಕ್ಷಮಿಸೇ."

ಮಕ್ಲೋವಿಯಾ ಕೈಯಲ್ಲಿದ್ದ ಎಲೆಗಳನ್ನು ಕೆಂಡಕ್ಕೆ ಹಾಕಿ ಗೋಡೆಯತ್ತ ತಿರುಗಿದಳು.

"ಬಂದ್ಲಾ?" ಎಂದಳು. "ನಿಂಗೆ ಬಂದ್ಲೇನೇ ತೋಮಾಸಾ?"

"ಬಂದ್ಲು ಕಣೇ. ಇಲ್ಲೇ ಕೂತು ಸುಡ್ತಿರೋ ಹಂಗೇ ಇದೆ."

"ಹಾಗಾದ್ರೆ ಬೈಯಿ. ಇನ್ನೊಂದ್ ಸಲ ಕರೆದು ಬೈಯೇ."

ತೋಮಾಸಾ ಗೋಡೆಯಾಚೆ ಬಿಕ್ಕುತ್ತ ನೆರೈದಾ, ನೆರೈದಾ ಎಂದು ಕರೆದು ಬೈದಳು. ಓಣಿಯ ಆ ತುದಿಯಲ್ಲೂ ಯಾರೋ ಕೆಮ್ಮತೊಡಗಿದರು. ಮಗಳು ಮನೆಗೆ ಬಂದಿದ್ದಳು, ಅದರಲ್ಲಿ ಅನುಮಾನ ಉಳಿದಿರಲಿಲ್ಲ. ಮಕ್ಲೋವಿಯಾ ಹೆಂಚಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಹೊಗೆಯನ್ನು ಎದೆ ತುಂಬ ಎಳೆದುಕೊಂಡಳು. ಅವಳೊಬ್ಬಳಿಗೆ ಏನೂ ಬರಲಿಲ್ಲ.