ಪಾರವ್ವನ ಎಡಗೈ

ಬೈಲಹೊಂಗಲದ ಕಡೆಯ ಹಳ್ಳಿ ಬಿಟ್ಟು ಪುಣೆಯ ಮಗನ ಮನೆಗೆ ಬರುವಾಗ ಪಾರವ್ವ ರೈಲಿನಲ್ಲಿ ತನ್ನ ಬೀಸುವ ಕಲ್ಲನ್ನೂ ತಂದಿದ್ದಳು. ಮಗ ನಿಜಲಿಂಗಪ್ಪ ಮಿಲಿಟರಿ ಕಚೇರಿಯಲ್ಲಿ ಕಾರಕೂನ; ಹಲವು ಬಿಡಾರಗಳ ಹಳೇ ವಾಡೆಯೊಂದರಲ್ಲಿ ಅವನ ಮನೆ.

"ವಾಡೇದ ಮಂದಿ ನಗ್ತಾರ, ಯವ್ವಾ. ಕಾರಕೂನನ ತಾಯಿ ಬೀಸ್ಕೋತ ಕೂತ್ರ ಚಂದ ಕಾಣೂದಿಲ್ಲ" ಎಂದು ಅವನು ಕಲ್ಲನ್ನು ಹಿತ್ತಲಿಗೆ ಉರುಳಿಸಿದ.

ಹಿಟ್ಟು ಗಿರಣಿಯಿಂದ ಬಂತು; ಪಾರವ್ವನಿಗೆ ಮಂಚ ಬಂತು. ಅದಕ್ಕೆ ಮಗ ಇಟ್ಟ ಹೆಸರು ಸುಖ. ಗೂಟಕ್ಕೆ ಕಟ್ಟಿ ಮೇವು ಹಾಕಿದ ಮುದಿ ಎಮ್ಮೆಗೂ ಇಂಥದೇ ಸುಖ ಎಂದುಕೊಳ್ಳುತ್ತ ಮೂರು ವರ್ಷ ಅವಳು ಅಲ್ಲೇ ಕೂತಳು.

ಮೂರನೆಯ ವರ್ಷದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಕೈಯೂರಿದಳು. ಅಷ್ಟಕ್ಕೇ ಎಡ ಮಣಿಕಟ್ಟು ಒಣ ಜೋಳದ ದಂಟಿನಂತೆ ಲಟಕ್ಕನೆ ಮುರಿಯಿತು. ಇಷ್ಟಲಿಂಗ ಇಟ್ಟು ಪೂಜಿಸುವ ಅಂಗೈ ಅದೇ. ಪ್ಲಾಸ್ಟರಿನ ಆರು ವಾರವೂ ಲಿಂಗವನ್ನು ತೊಡೆಯ ಮೇಲೆ ಬಟ್ಟೆ ಹಾಸಿ ಇಟ್ಟುಕೊಂಡಳು. ಪೂಜೆಯಾಯಿತೆಂದು ಒಂದು ದಿನವೂ ಅನ್ನಿಸಲಿಲ್ಲ. ಪ್ಲಾಸ್ಟರ್ ಕತ್ತರಿಸಿದರೆ ಕೈ ನುಗ್ಗೆಕಾಯಿಯಾಗಿತ್ತು. ಅಂಗೈ ಮೇಲಕ್ಕೆ ತಿರುಗಲೊಲ್ಲದು.

"ಇನ್ನ ಮಂಚದ ಕೆಳಗ ಇಳಸೂದಿಲ್ರಿ" ಎಂದ ಮಗ, ಡಾಕ್ಟರಿಗೆ.

ಡಾಕ್ಟರ್ ದಿಗಂಬರರಾಯರು ಧಾರವಾಡದವರು. "ಕೈ ಮುರದದ್ದು ಬಚ್ಚಲಲ್ರಿ, ನಿಮ್ಮ ಮಂಚ. ಎಲುಬಂದ್ರ ಮನಿ ತೊಲಿ ಅಂತ ತಿಳದೀರೇನು? ಜೀವಂತ ಅದ ಅದು. ಹಳೇದನ್ನ ಕೆದರಿ ತಗೀತದ, ಆ ಜಾಗಾದಾಗ ಹೊಸದು ತುಂಬ್ತದ, ಸಾಯೂತನಕ. ದುಡಿಯೂ ಕೈಯಾಗ ಚಲೋ ತುಂಬ್ತದ. ಸುಮ್ಮನ ಕೂಡಿಸಿದ್ರ ಕೆದರೂದು ಮುಂದ, ತುಂಬೂದು ಹಿಂದ. ಈ ವಯಸ್ಸಿನಾಗಂತೂ ಭಾಳ."

"ಹಾಲು ಕುಡಸ್ತೀನ್ರಿ."

"ಕುಡಸ್ರಿ. ಕೆಲಸಾನೂ ಕೊಡ್ರಿ. ಮೊದಲ ಬಿಸಿನೀರಾಗ ಕೈ ಹೊರಳಸಲಿ, ತಿಂಗಳಾದ ಮ್ಯಾಲ ಸಾವಕಾಶ ಬೀಸಲಿ."

ಪಾರವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಟ್ಟಿಹಾಕಿದ ಎತ್ತು ಉಳುಮಿಗೆ ಬರೂದಿಲ್ಲಂತ ನಮ್ಮೂರ ದನಾ ಕಾಯೂವಂಗೂ ಗೊತ್ತಿತ್ತು. ನೀ ಇಂಗ್ಲಿಷ್ ಓದಿದಿ, ಪಾಪ."

ತಿಂಗಳ ಮೇಲೆ ಕಲ್ಲು ಒಳಗೆ ಬಂತು. ಹಿಡಿ ಹಿಡಿ ಜೋಳ ಹಾಕಿ, ಗೂಟಕ್ಕೆ ಎರಡೂ ಕೈ ಕೊಟ್ಟು ಪಾರವ್ವ ಬೀಸತೊಡಗಿದಳು. ನಿಜಲಿಂಗಪ್ಪ ವಾಡೆಯ ಆರೂ ಬಿಡಾರದ ಬಾಗಿಲಿಗೆ ಹೋಗಿ ಮರಾಠಿಯಲ್ಲಿ ಹೇಳಿಬಂದ: ಇದು ಬೀಸುವುದಲ್ಲ, ಡಾಕ್ಟರು ಬರೆದುಕೊಟ್ಟ ಔಷಧ.

"ಹಂಗಾರ ಔಷಧದ ರೊಟ್ಟಿ ನೀ ಯಾಕ ತಿಂತಿ? ನಿನಗೇನು ರೋಗಿಲ್ಲಲ್ಲ" ಎಂದು ಪಾರವ್ವ ಅವನ ತಾಟಿನಿಂದ ರೊಟ್ಟಿ ತೆಗೆದಳು. ಸೊಸೆ ಸಾವಂತ್ರವ್ವ ಸೆರಗು ಬಾಯಿಗೆ ಹಿಡಿದಳು.

ದೀಪಾವಳಿಯ ಹೊತ್ತಿಗೆ ಅಂಗೈ, ಪೂರಾ ಅಲ್ಲದಿದ್ದರೂ, ಮೇಲೆ ತಿರುಗಿತು. ಲಿಂಗ ಇಟ್ಟಳು. ತುಸು ವಾಲಿತು. ಬಾಗಿಲಲ್ಲಿದ್ದ ಮಗ ಕೈ ಚಾಚಿದ. "ಹಿಡೀಲೇನು, ಯವ್ವಾ?"

"ನೀ ದೂರ ನಿಂದ್ರು" ಎಂದು ಪಾರವ್ವ ಬಲಗೈಯಲ್ಲಿ ವಿಭೂತಿ ತೆಗೆದುಕೊಂಡಳು.