ಇಳಿತದಲ್ಲಿ ಸಿಕ್ಕ ದಿಬ್ಬಣ

ದೋಣಿ ಒಮ್ಮೆ ನರಳಿ, ಎಡಕ್ಕೆ ವಾಲಿ, ನಿಂತೇಬಿಟ್ಟಿತು. ಡೋಲಿನವನ ಕೈ ಗಾಳಿಯಲ್ಲೇ ಉಳಿಯಿತು. ಹಾಡುತ್ತಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಒರಗಿದರು. ಖರ್ಜೂರದ ಸಿಹಿ ತುಂಬಿದ್ದ ಹರಿವಾಣ ಜಾರಿ ಮದುಮಗನ ಬಿಳಿ ನಿಲುವಂಗಿಯ ಅಂಚಿಗೆ ಬಂದು ತಡೆಯಿತು.

"ಏನಾಯ್ತೋ ಸಲ್ಮೀನ್?" ಎಂದಳು ಮದುಮಗನ ತಾಯಿ ಕುಲ್ಸೂಮ್, ಏನಾಯಿತೆಂದು ಗೊತ್ತಿದ್ದೂ.

ಚುಕ್ಕಾಣಿ ಹಿಡಿದಿದ್ದ ತಮ್ಮ ಅವಳ ಕಡೆ ನೋಡಲಿಲ್ಲ. "ಏನಿಲ್ಲ ಅಕ್ಕ. ಸ್ವಲ್ಪ ನೆಲ ತಾಗಿದೆ."

"ನೆಲ ತಾಗಿದ್ಯೋ, ನೀನೇ ತಾಗಿಸಿದ್ಯೋ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುಮಗ ಯೂನುಸನಿಗೆ ಮೊದಲು ಸಲ್ಮೀನನ ಮಗಳು ನಸೀಬಾಳನ್ನೇ ಮದುವೆ ಮಾಡುವುದೆಂದು ಮಾತಾಗಿದ್ದು ಅವರೂರು ಖಮೀರಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ.

ಇರಾನಿನ ನೆಲ ಖಮೀರಿನ ದಂಡೆಯಲ್ಲಿ ಮುಗಿಯುತ್ತದೆ. ಆಚೆಗೆ ಕೆಶ್ಮ್ ದ್ವೀಪ. ನಡುವಿನ ಜಾಗ ಅರ್ಧ ಹೊತ್ತು ಸಮುದ್ರ, ಇನ್ನರ್ಧ ಹೊತ್ತು ಕೆಸರು. ಅದರ ತುಂಬ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಕಾಡು, ಕಾಡಿನೊಳಗೆ ಹಾವಿನಂತೆ ಹೊರಳುವ ಕಾಲುವೆಗಳು. ಕಳೆದ ಚಳಿಗಾಲದ ಬಿರುಗಾಳಿಗೆ ಆ ಕಾಲುವೆಗಳು ಜಾಗ ಬದಲಿಸಿದ್ದವು. ಪಡುವಣದ ಹೊಸ ಹಾದಿಯಲ್ಲೇ ಹೋಗೋಣವೆಂದು ಯೂನುಸ್ ಬೆಳಗ್ಗೆಯೇ ಹೇಳಿದ್ದ. "ನೀನು ತೊಟ್ಟಿಲಲ್ಲಿದ್ದಾಗ್ಲೇ ಈ ಕಾಲುವೇಲಿ ದೋಣಿ ಬಿಟ್ಟೋನು ನಾನು" ಎಂದು ಸೋದರಮಾವ ಅವನ ಬಾಯಿ ಮುಚ್ಚಿಸಿದ್ದ. ಈಗ ಅದೇ ಕಾಲುವೆಯಿಂದ ನೀರು ಕಣ್ಣೆದುರೇ ಸೋರಿಹೋಗುತ್ತಿತ್ತು. ದ್ವೀಪದ ಮನೆಗಳ ಮೇಲೆ ಗಾಳಿ ಹಿಡಿಯಲು ಕಟ್ಟಿದ ಗೋಪುರಗಳು ಕೂಗಿದರೆ ಕೇಳುವಷ್ಟು ಹತ್ತಿರ ಕಾಣುತ್ತಿದ್ದವು.

ಈ ಕರಾವಳಿಯಲ್ಲಿ ಮದುವೆ ಹೆಣ್ಣಿನ ಮನೆಯಲ್ಲಿ. ಆಮೇಲೆ ಗಂಡು ಇರುವುದೂ ಅಲ್ಲೇ. ನಸೀಬಾಳನ್ನು ಮಾಡಿಕೊಂಡಿದ್ದರೆ ಯೂನುಸ್ ಒಂದು ಗೋಡೆ ದಾಟಿ ಆಚೆ ಮನೆಗೆ ಹೋಗುತ್ತಿದ್ದ, ಅಷ್ಟೆ. ಈಗ ಸಮುದ್ರವನ್ನೇ ದಾಟುತ್ತಿದ್ದಾನೆ. ಗಂಡ ಸತ್ತ ಮೇಲೆ ಮೀನಿನ ಮಸಾಲೆ ಕಲಸಿ ಪೇಟೆಯಲ್ಲಿ ಮಾರಿ ಅವನನ್ನು ಬೆಳೆಸಿದ ಕುಲ್ಸೂಮಳಿಗೆ ಆ ದ್ವೀಪದ ಹುಡುಗಿ ಶಮ್ಸಿಯಾಳ ಮುಖ ನೋಡಲೂ ಮನಸ್ಸಿರಲಿಲ್ಲ. ನಿಶ್ಚಯದ ದಿನ ಜ್ವರವೆಂದು ಮಲಗಿಬಿಟ್ಟಿದ್ದಳು.

"ನೀರು ಏರೋವರೆಗೂ ಕೂತಿರ್ಬೇಕು, ಬೇರೆ ದಾರಿ ಇಲ್ಲ" ಎಂದ ಸಲ್ಮೀನ್.

"ನೀನು ಕೂತಿರು. ಬೀಗರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತ ತಾನೆ ಈ ಆಟ? ನಾನು ನಡ್ಕೊಂಡೇ ಹೋಗಿ ಹೇಳ್ತೀನಿ, ದಿಬ್ಬಣ ಬರ್ತಿದೆ ಅಂತ."

"ಅಮ್ಮ, ನಾನೂ ಬರ್ತೀನಿ" ಎಂದು ಯೂನುಸ್ ಎದ್ದ.

"ಬಿಳಿ ಬಟ್ಟೇಲಿ ಕೆಸರಿಗೆ ಇಳೀತಾನಂತೆ, ಮದುಮಗ. ಕೂತ್ಕೋ ಸುಮ್ನೆ."

ಜರಿ ಹೆಣೆದ ಶರಾಯಿಯನ್ನು ಮೊಣಕಾಲಿನವರೆಗೆ ಏರಿಸಿ ಅವಳು ಇಳಿದೇಬಿಟ್ಟಳು. ಮೊದಮೊದಲು ನೆಲ ಗಟ್ಟಿಯಾಗಿಯೇ ಇತ್ತು. ಹಿಂದಿನಿಂದ ಕರೆಯುತ್ತಿದ್ದವರಿಗೆ ಬೆನ್ನು ತಿರುಗಿಸಿ, ಸೂಜಿಗಳಂತೆ ಮೇಲೆದ್ದ ಬೇರುಗಳ ನಡುವೆ ದಾರಿ ಮಾಡಿಕೊಂಡು ಸಾಕಷ್ಟು ದೂರ ಹೋದಳು. ಕಾಂಡ್ಲದ ಒಂದು ತಿರುವು ದಾಟಿದ್ದೇ ದೋಣಿ ಮರೆಯಾಯಿತು. ಇನ್ನೂ ಮುಂದೆ ಬಯಲು ಕೆಸರು. ಅಲ್ಲಿ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಅದನ್ನು ಕೀಳಲು ಎಡಗಾಲು ಊರಿದಳು, ಅದು ತೊಡೆಯವರೆಗೆ ಹೋಯಿತು.

ಕೂಗಿದಳು. ಕೊಕ್ಕರೆಗಳು ಹಾರಿದವು, ಬೇರೇನೂ ಆಗಲಿಲ್ಲ. ಕೊಸರಿದಷ್ಟೂ ಕೆಸರು ಒಳಗೆಳೆಯಿತು. ಉಸಿರು ಕಟ್ಟಿದಂತಾಗಿ ಮುಖವಾಡದಂತೆ ಕಟ್ಟಿದ್ದ ಕೆಂಪು ಬುರ್ಕೆಯನ್ನು ಕಿತ್ತು ಕುತ್ತಿಗೆಗೆ ಇಳಿಸಿದಳು. ಅಷ್ಟು ಹೊತ್ತು ಹೊರಗೆ ಹೋಗುತ್ತಿದ್ದ ಕಾಲುವೆಯ ನೀರು ಸುಮ್ಮನೆ ನಿಂತು, ಮೆಲ್ಲಗೆ ಒಳಮುಖವಾಗಿ ತಿರುಗಿತು. ಆಗ ಅವಳಿಗೆ ನಿಜವಾಗಿ ಭಯವಾಯಿತು.

"ಅಲ್ಲಾಡ್ಬೇಡಿ ಚಿಕ್ಕಮ್ಮ."

ಕೆಸರು ಹಲಗೆಯೊಂದರ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ತಳ್ಳಿಕೊಳ್ಳುತ್ತ ಯಾರೋ ಹೆಂಗಸು ಜಾರಿಕೊಂಡು ಬರುತ್ತಿದ್ದಳು. ಬಿಸಿಲಿಗೆ ಕಟ್ಟಿದ ಬಟ್ಟೆಯ ನಡುವೆ ಕಣ್ಣು ಮಾತ್ರ ಕಾಣುತ್ತಿತ್ತು. ಕೈಗಳು ಮೊಣಕೈವರೆಗೆ ಬೂದುಬಣ್ಣದ ಕೆಸರು.

"ಎಳಿಯೇ ತಾಯಿ, ಎಳಿ ನನ್ನ."

"ಎಳೆದ್ರೆ ಕಾಲು ಅಲ್ಲೇ ಉಳಿದು ನೀವು ಮಾತ್ರ ಬರ್ತೀರ" ಎನ್ನುತ್ತ ಅವಳು ಹಲಗೆಯನ್ನು ಕುಲ್ಸೂಮಳ ಬೆನ್ನ ಹಿಂದೆ ತಂದಿಟ್ಟಳು. "ಹಿಂದಕ್ಕೆ ಒರಗಿ. ಕುರ್ಚೀಲಿ ಕೂತ ಹಾಗೆ. ಇನ್ನು ನೀರು ಬರ್ಬೇಕು. ಅದು ಕಾಲ ಪಕ್ಕ ಇಳಿದ್ರೆ ಕೆಸರು ತಾನಾಗೇ ಬಿಡುತ್ತೆ."

"ನೀರು ಬಂದ್ರೆ ಮುಳುಗೋದಿಲ್ವೇನೆ?"

"ನಾನೂ ಇಲ್ಲೇ ಇರ್ತೀನಲ್ಲ." ಅವಳು ಕುಲ್ಸೂಮಳ ಪಕ್ಕ ಹಲಗೆಯ ಮೇಲೆ ಕವುಚಿ ಮಲಗಿ, ಅವಳ ತೊಡೆಯ ಸುತ್ತಲಿನ ಕೆಸರನ್ನು ಬೆರಳಿಂದ ಬಿಡಿಸತೊಡಗಿದಳು. "ದಿಬ್ಬಣದವ್ರಾ?"

"ನಾನೇ ಗಂಡಿನ ತಾಯಿ."

ಬೆರಳುಗಳು ಒಂದು ಕ್ಷಣ ನಿಂತು, ಮತ್ತೆ ಕೆಲಸಕ್ಕೆ ಹತ್ತಿದವು.

ಭಯಕ್ಕೋ ಏನೋ, ಕುಲ್ಸೂಮಳ ಬಾಯಿ ನಿಲ್ಲಲಿಲ್ಲ. "ಎಲ್ಲ ಆ ಹುಡುಗಿಯಿಂದ. ನಮ್ಮೂರಲ್ಲಿ ಹೆಣ್ಣಿರ್ಲಿಲ್ವಾ? ಇಡೀ ದಿನ ಚಿಪ್ಪು ಆರಿಸ್ತಾ ಕೆಸರಲ್ಲೇ ಇರ್ತಾಳಂತೆ. ಕೈ ನೋಡಿದ್ರೆ ಮರದ ತೊಗಟೆಯಂತೆ."

"ಹೌದು, ಕೈ ಒರಟೇ."

"ಗೊತ್ತಾ ನಿಂಗೆ ಅವ್ಳು?"

"ಗೊತ್ತು. ಬಾಯೂ ಸ್ವಲ್ಪ ಜೋರು."

"ನೋಡಿದ್ಯಾ? ನನ್ನ ಮಗ ಬಾಯಿ ಸತ್ತೋನು. ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಾಳೆ."

"ಅವ್ರು ಬಾಯಿ ಸತ್ತೋರೇನಲ್ಲ ಚಿಕ್ಕಮ್ಮ. ನಮ್ಮ ಕಡೆ ಬಲೆ ರಿಪೇರಿಗೆ ಬಂದಾಗ ಬಾಯಿ ಬಿಟ್ರೆ ಮುಚ್ತಿರ್ಲಿಲ್ಲ. ನಮ್ಮಮ್ಮ ಕಲಸೋ ಮಸಾಲೆ ರುಚಿ ಯಾರಿಗೂ ಬರಲ್ಲ, ಕಿತ್ತಳೆ ಸಿಪ್ಪೆ ಹಾಕ್ತಾರೆ, ಯಾರಿಗೂ ಹೇಳಲ್ಲ ಅಂತ. ಕೇಳಿ ಕೇಳಿ ನಮಗೆ ಸಾಕಾಗಿತ್ತು."

ಕಿತ್ತಳೆ ಸಿಪ್ಪೆಯ ಸಂಗತಿ ಮಗನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನೀರು ನೊರೆ ಹೊತ್ತು ಬಂದು ಕುಲ್ಸೂಮಳ ಸೊಂಟ ಮುಟ್ಟಿತು. ತಣ್ಣಗಿನದೊಂದು ಎಳೆ ತೊಡೆಯಗುಂಟ ಒಳಗಿಳಿಯಿತು. "ಈಗ, ಹಿಮ್ಮಡಿ ತಿರುಗಿಸಿ, ಮೆಲ್ಲಗೆ" ಎಂದಳು ಹುಡುಗಿ. ಕುಲ್ಸೂಮ್ ತಿರುಗಿಸಿದಳು. ಎಡಗಾಲು ಬಂತು. ಬಲಗಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ನೀರು ಎದೆಗೆ ಬಂದಾಗ ಹುಡುಗಿ ಅವಳ ಕಂಕುಳಿಗೆ ಎರಡೂ ಕೈ ಹಾಕಿ ತಬ್ಬಿ ಹಿಡಿದಳು. ಕುಲ್ಸೂಮ್ ಕಣ್ಣು ಮುಚ್ಚಿ, "ನನ್ನ ಮಗ ಈ ದಂಡೇಲಿ ಉಳಿದ್ರೆ ನನಗಾರಿದ್ದಾರೆ" ಎಂದಳು, ಯಾರಿಗೆಂದಿಲ್ಲದೆ.

"ಕಾಲು ಆಡ್ಸಿ. ಮಾತು ಆಮೇಲೆ."

ಕಾಲು ಬಂತು. ಇಬ್ಬರೂ ಹಲಗೆಗೆ ಜೋತುಬಿದ್ದು, ಒದ್ದು ಈಜಿ, ಕಾಲುವೆಯಂಚಿನ ಚಿಪ್ಪಿನ ದಿಣ್ಣೆ ಹತ್ತಿದರು. ಅಲ್ಲಿ ನೆಲ ಗಟ್ಟಿ, ನೀರು ಮೊಣಕಾಲಿಗೆ. ಕುಲ್ಸೂಮ್ ಕೆಮ್ಮಿ, ಉಗುಳಿ, ತನ್ನನ್ನು ಇನ್ನೂ ಹಿಡಿದೇ ಇದ್ದ ಕೈಗಳನ್ನು ನೋಡಿದಳು. ನೀರು ಕೆಸರನ್ನೆಲ್ಲ ತೊಳೆದಿತ್ತು. ಬೆರಳ ತುದಿಯಿಂದ ಮೊಣಕೈವರೆಗೆ ಹೊಚ್ಚ ಹೊಸ ಕೆಂಪು ಮದರಂಗಿ, ಬಳ್ಳಿ, ಹೂವು, ಸಣ್ಣ ಸಣ್ಣ ಚುಕ್ಕಿ. ಮದುಮಗಳಿಗೆ ಮಾತ್ರ ಹಾಕುವಷ್ಟು.

"ಶಮ್ಸಿಯಾ" ಎಂದಳು.

ಹುಡುಗಿ ತಲೆ ತಗ್ಗಿಸಿದಳು. "ದಿಬ್ಬಣ ಎಲ್ಲಿವರೆಗೆ ಬಂತು ಅಂತ ನೋಡೋಕೆ ಕದ್ದು ಮಾಳಿಗೆ ಹತ್ತಿದ್ದೆ ಅತ್ತೆ. ಗಂಡಸ್ರೆಲ್ಲ ಪಡುವಣದ ದೋಣಿಕಟ್ಟೆ ಹತ್ರ ಕಾಯ್ತಿದ್ರು. ಒಬ್ಬರೇ ಬರ್ತಿರೋದು ಕಾಣಿಸ್ತು. ಕರೆಯೋಕೆ ಹೊತ್ತಿರ್ಲಿಲ್ಲ."

"ನಾನು ಯಾರು ಅಂತ ಗೊತ್ತಾದ ಮೇಲೂ ನನ್ನ ಬೈಗುಳ ಕೇಳ್ಕೊಂಡಿದ್ದೆ."

"ಮಾತಾಡ್ತಿದ್ರೆ ಒಳ್ಳೇದು. ಹೆದ್ರಿಕೆ ಕಮ್ಮಿ ಆಗುತ್ತೆ."

ಅಷ್ಟರಲ್ಲಿ ತಿರುವಿನಾಚೆ ಎಂಜಿನ್ ಸದ್ದು ಕೇಳಿತು. ನೀರು ದೋಣಿಯನ್ನೂ ಎತ್ತಿತ್ತು. ಸಲ್ಮೀನನ ಕೂಗು, ಅದರ ಮೇಲೆ ಯೂನುಸನದು: "ಅಮ್ಮಾ, ಎಲ್ಲಿದ್ದೀಯಾ?"

ಶಮ್ಸಿಯಾ ಗಾಬರಿಯಾಗಿ ಸುತ್ತ ನೋಡಿದಳು. ಮದುವೆಯ ದಿನ ಕೋಣೆಗೆ ಬರುವ ಮೊದಲು ಗಂಡು ಹೆಣ್ಣನ್ನು ನೋಡುವಂತಿಲ್ಲ. ದಿಣ್ಣೆಯ ಮೇಲೆ ಮರೆಯಾಗಲು ಒಂದು ಗಿಡವೂ ಇರಲಿಲ್ಲ. ಮುಖದ ಬಟ್ಟೆಯೂ ಯಾವಾಗಲೋ ತೇಲಿಹೋಗಿತ್ತು.

"ಬಾರೇ ಇಲ್ಲಿ" ಎಂದು ಕುಲ್ಸೂಮ್ ಅವಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು, ಒದ್ದೆ ಹೊದಿಕೆಯ ಎರಡೂ ಸೆರಗನ್ನು ಅಗಲಕ್ಕೆ ಹಿಡಿದು ನಿಂತಳು. ದೋಣಿ ತಿರುವಿನಿಂದ ಹೊರಬಂತು. ಚುಕ್ಕಾಣಿ ಹಿಡಿದ ಸಲ್ಮೀನನ ಕೆನ್ನೆ ಒದ್ದೆಯಾಗಿತ್ತು.

"ಅಕ್ಕ, ತಪ್ಪಾಯ್ತು. ಹತ್ತು, ಬಾ."

"ಆಮೇಲೆ ಬೈತೀನಿ ನಿನ್ನ. ಈಗ ಮುಂದೆ ನಡಿ."

"ಅಮ್ಮ, ಹಿಂದೆ ಯಾರು ಅದು?" ಯೂನುಸ್ ಕತ್ತು ಚಾಚಿದ.

"ಯಾರೂ ಇಲ್ಲ. ನೀನು ಆ ಕಡೆ ನೋಡು. ನಾವು ಬರ್ತೀವಿ, ನಡೀರಿ."

ಹೆಂಗಸರಲ್ಲೊಬ್ಬಳು ಕಿಸಕ್ಕೆಂದಳು. ಡೋಲು ಮತ್ತೆ ಶುರುವಾಯಿತು. ದೋಣಿ ದಿಣ್ಣೆಯ ಪಕ್ಕದಲ್ಲೇ ನಿಧಾನಕ್ಕೆ ಸಾಗಿತು. ಅದು ಸಾಗಿದ ಕಡೆಗೆಲ್ಲ ಕುಲ್ಸೂಮ್ ತೋಳು ಚಾಚಿಕೊಂಡೇ ಚೂರುಚೂರಾಗಿ ತಿರುಗಿದಳು. ಅವಳ ಒದ್ದೆ ಬೆನ್ನಿಗೆ ಹಣೆಯೊತ್ತಿ ಹುಡುಗಿ ನಗು ತಡೆಯುತ್ತಿದ್ದಳು. ಆ ಬಿಸಿಯುಸಿರು ಬಟ್ಟೆಯ ಮೂಲಕ ತಾಗಿ ತಾಗಿ ಹೋಗುತ್ತಿತ್ತು.