ಸೋಮವಾರದ ಮಂಜು

ಬಂದರಿನ ಬೀದಿಯ ಲಾಂಡ್ರಿಯನ್ನು ಅವಳೂ ಅವಳ ಸೋದರತ್ತೆಯೂ ನಡೆಸುತ್ತಿದ್ದರು. ಊರಿನ ಮೂರು ಹೋಟೆಲುಗಳ ಬೆಡ್‌ಶೀಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಬಾಯ್ಲರ್ ಕುದಿಯತೊಡಗಿದ ಕೂಡಲೇ ಸಮುದ್ರದ ಕಡೆಯ ಕಿಟಕಿ ತೆಗೆದು ಹಬೆಯನ್ನು ಹೊರಗೆ ಬಿಡುವುದು ಅವಳ ಕೆಲಸ. ಬಿಡದಿದ್ದರೆ ಗೋಡೆಯ ಸುಣ್ಣ ಉದುರುತ್ತದೆಂದು ಅತ್ತೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಎದುರಿನ ದ್ವೀಪಕ್ಕೆ ಹೋಗಿಬರುವ ಲಾಂಚಿನ ಚಾಲಕನಿಗೆ ಊರವರು ಇಟ್ಟ ಹೆಸರು ಗಡಿಯಾರ. ಅವನ ಲಾಂಚು ಒಂದು ನಿಮಿಷ ಮುಂಚೆ ಹೊರಟದ್ದಿಲ್ಲ, ಒಂದು ನಿಮಿಷ ತಡವಾದದ್ದಿಲ್ಲ. ಪ್ರತಿ ಸೋಮವಾರ ಹತ್ತು ಗಂಟೆಗೆ, ಎರಡು ಟ್ರಿಪ್ಪುಗಳ ನಡುವಿನ ಹತ್ತು ನಿಮಿಷದಲ್ಲಿ, ತನ್ನ ಬಿಳಿ ಅಂಗಿಗಳನ್ನು ತಂದುಕೊಡುತ್ತಿದ್ದ. ಮೂವತ್ತೆಂಟರ ಗಂಡಸು, ಒಬ್ಬಂಟಿ, ಮಾತು ಕಡಿಮೆ. ಕೊಟ್ಟ ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, "ಬರ್ತೀನಿ" ಎಂದು ಹೊರಟುಬಿಡುತ್ತಿದ್ದ.

ಒಂದು ಸೋಮವಾರ ಅವನು ಹಾಗೆ ತಿರುಗಿದಾಗ, ಇನ್ನೊಂದು ಸ್ವಲ್ಪ ಹೊತ್ತು ಇದ್ದಿದ್ದರೆ ಎಂದುಕೊಳ್ಳುತ್ತ ಅವಳು ಕಿಟಕಿ ತೆಗೆದಳು. ಹಬೆ ಎಂದಿನಂತೆ ಮೇಲೇರಿ ಚದುರಲಿಲ್ಲ. ಮಂದೆಯಂತೆ ಒಟ್ಟಾಗಿ ನೀರಿನ ಮೇಲೆ ಇಳಿದು ಹಬ್ಬಿತು. ಐದು ನಿಮಿಷದಲ್ಲಿ ದ್ವೀಪ ಕಾಣದಾಯಿತು, ಬಂದರಿನವರು ಲಾಂಚು ನಿಲ್ಲಿಸಿದರು. ಹೋಗಲು ದಾರಿಯಿಲ್ಲದೆ ಮರಳಿ ಬಂದ ಗಡಿಯಾರ, ಸುಮ್ಮನೆ ಕೂರಲಾರದೆ, ಬೆಡ್‌ಶೀಟಿನ ಎರಡು ಮೂಲೆ ಹಿಡಿದುಕೊಂಡ. ಉಳಿದೆರಡು ಮೂಲೆ ಅವಳ ಕೈಯಲ್ಲಿದ್ದವು. ಮಡಿಸಲೆಂದು ಇಬ್ಬರೂ ಹತ್ತಿರ ಬಂದು, ಅಂಚು ಸೇರಿಸಿ, ಮತ್ತೆ ದೂರ ಸರಿದರು. ಹೀಗೆ ನಲವತ್ತು ಸಲ. ಕೊನೆಯ ಹತ್ತಕ್ಕೆ ಇಬ್ಬರೂ ನಗುತ್ತಿದ್ದರು, ಯಾಕೆಂದು ಅತ್ತೆಗೆ ತಿಳಿಯಲಿಲ್ಲ.

ಮರುವಾರ ಅವಳು ಬೇಕೆಂದೇ ಹಬೆಯನ್ನು ನೀರಿನ ಮೇಲೆ ಇಳಿಸಿದಳು. ಅದರ ಮರುವಾರವೂ. ಹೀಗೆ ಆರು ಸೋಮವಾರ ಮಂಜು ಬಿತ್ತು. ಹವಾಮಾನದವರು ತಲೆ ಕೆರೆದುಕೊಂಡರು. ಅವಳು ಮಾತ್ರ ಭಾನುವಾರದ ಸಂಜೆಯೇ ಒಳ್ಳೆಯ ರವಿಕೆ ತೆಗೆದಿಡುತ್ತಿದ್ದಳು.

ಆರನೆಯ ಮಂಜಿನ ಮರುದಿನ ದ್ವೀಪದ ಮುದುಕರೊಬ್ಬರು ಲಾಂಡ್ರಿಗೆ ಬಂದು, ಸ್ವಲ್ಪ ಕೂರಲೇ ಎಂದು ಕೇಳಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು.

"ನಿನ್ನೆ ಆಪರೇಷನ್ ಪಟ್ಟಿ ಬಿಚ್ಚಬೇಕಿತ್ತು ಕಣಮ್ಮ. ಆ ದಡದಲ್ಲಿ ಸಾಯಂಕಾಲದವರೆಗೂ ಕೂತಿದ್ದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಬರೀ ಬಿಳಿ. ಎರಡೂ ಹೋದ್ವು ಅಂದ್ಕೊಂಡೆ!" ಎಂದು ತಾವೇ ನಕ್ಕರು. "ಇವತ್ತು ಬಂದ್ರೆ ಬಾಗಿಲು ಹಾಕಿದೆ. ಕಣ್ಣಿನ ಡಾಕ್ಟ್ರು ಈ ಊರಿಗೆ ಸೋಮವಾರ ಮಾತ್ರ ಬರೋದಂತೆ."

ಅವಳಿಗೆ ನಗು ಬರಲಿಲ್ಲ. ಇಸ್ತ್ರಿಯ ಕೆಳಗಿದ್ದ ದಿಂಬಿನ ಚೀಲ ಸುಟ್ಟುಹೋಯಿತು.

ಮುಂದಿನ ಸೋಮವಾರ ಆಕಾಶ ತಿಳಿಯಾಗಿತ್ತು. ಗಡಿಯಾರ ಬಂದಾಗ ಅವಳು ಅಂಗಿಗಳನ್ನು ಮುಟ್ಟಲೇ ಇಲ್ಲ.

"ಆ ಮಂಜು ನಂದು," ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಕಿಟಕಿ ತೆಗೆದು ಹಬೆಯೊಳಗೆ ಕೈ ಇಟ್ಟಳು. ಬೆಡ್‌ಶೀಟಿನಷ್ಟು ಅಗಲದ ಒಂದು ಮಂಜು ಹೊರಗೆ ತೇಲಿ, ನೀರಿನ ಮೇಲೆ ಮಲಗಿ, ಕರಗಿತು.

ಅವನು ಆ ಜಾಗವನ್ನೇ ನೋಡುತ್ತ ಬೆರಳು ಮಡಿಸಿ ಎಣಿಸಿದ. "ಆರು ಸೋಮವಾರ. ಎಷ್ಟು ಜನ ಕಾದಿದ್ದಾರೆ ಗೊತ್ತಾ?"

"ಈಗ ಗೊತ್ತು."

"ಇರಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ರೆ ಇರ್ತಿದ್ರಾ? ನಿಮಗೆ ಟ್ರಿಪ್ ಇರುತ್ತೆ."

"ಕೊನೇ ಟ್ರಿಪ್ ನಾಲ್ಕಕ್ಕೆ ಮುಗಿಯುತ್ತೆ. ಆಮೇಲೆ ಒಬ್ಬನೇ ಕಟ್ಟೆ ಮೇಲೆ ಕೂತಿರ್ತೀನಿ. ಇಡೀ ಊರಿಗೆ ಗೊತ್ತು." ಅಂಗಿಗಳನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮೂರು ವಾರ ಅವನ ಅಂಗಿಗಳನ್ನು ಲಾಂಚಿನ ಟಿಕೆಟ್ ಕೊಡುವವಳು ತಂದಳು, ಅವಳೇ ಒಯ್ದಳು. ಹಬೆ ಈಗ ಕೊಳವೆಯಲ್ಲಿ ಛಾವಣಿಗೆ ಹೋಗುತ್ತಿತ್ತು. ಅತ್ತೆ ಒಂದು ದಿನ ಬಟ್ಟೆ ಎಣಿಸುವುದನ್ನು ನಿಲ್ಲಿಸಿ ಹೇಳಿದಳು:

"ನಿನ್ನಜ್ಜಿಗೂ ಈ ಕೈಗುಣ ಇತ್ತು. ನನಗೆ ಬರ್ಲಿಲ್ಲ, ಬದುಕಿದೆ. ಉಪ್ಪು ತಿಂದೋರು ನೀರು ಕುಡೀಲೇಬೇಕು ಕಣೇ. ಅವನಿಗೇನೋ ನೀನು ಹೇಳಿದೆ. ಆ ಮುದುಕರಿಗೆ?"

ಸಮುದ್ರದ ಪಕ್ಕದಲ್ಲೇ ಹುಟ್ಟಿದ್ದರೂ ನೀರಿನ ಮೇಲೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಚಿಕ್ಕಂದಿನಿಂದ ಲಾಂಚು ಹತ್ತಿದವಳಲ್ಲ. ಆ ಗುರುವಾರ ಹತ್ತಿದಳು. ಅರ್ಧ ದಾರಿಗೆ ಅವಳ ಮುಖ ಬಾಳೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗಡಿಯಾರ ಚುಕ್ಕಾಣಿ ಬಿಡದೆ, ಕಾಲಿನಿಂದ ಒಂದು ಬಕೆಟ್ಟನ್ನು ಅವಳ ಕಡೆ ತಳ್ಳಿದ. ಅದು ಬೇಕೂ ಆಯಿತು.

ಮುದುಕರು ಮನೆಯ ಜಗಲಿಯಲ್ಲಿ ಕೂತು, ಹೊಸ ಕಣ್ಣಿನ ಜಂಬದಲ್ಲಿ, ತಾವೇ ಸೂಜಿಗೆ ದಾರ ಪೋಣಿಸುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು.

"ನೀನಾ ಅದು?" ಎಂದು ಎರಡೂ ಕಣ್ಣುಗಳಿಂದ ಅವಳನ್ನು ಅಳೆದರು. "ಒಂದು ವಾರ ಹೆಚ್ಚಿಗೆ ಒಂಟಿ ಕಣ್ಣಲ್ಲಿ ಓಡಾಡಿದೆ. ಎರಡು ಸಲ ಮೆಟ್ಟಿಲು ಎಡವಿದೆ. ನನಗೆ ಕೋಪ ಬಂದಿದೆ ಕಣಮ್ಮ. ಸ್ವಲ್ಪ ದಿನ ಇರುತ್ತೆ, ಇರ್ಲಿ." ಆಮೇಲೆ ಒಳಗೆ ಕೂಗಿದರು, "ಈ ಹುಡುಗಿಗೆ ಕುಡಿಯೋಕೆ ನೀರು ಕೊಡ್ರೇ, ಮುಖ ನೋಡೋಕಾಗ್ತಿಲ್ಲ."

ಮರಳುವಾಗ ಲಾಂಚಿನಲ್ಲಿ ಜನ ಕಡಿಮೆ. ಅವಳು ಚಾಲಕನ ಹಿಂದೆಯೇ ಕೂತಳು.

"ಏನಂದ್ರು?" ಎಂದ ಅವನು, ತಿರುಗದೆ.

"ಕೋಪ ಇದೆಯಂತೆ. ಸ್ವಲ್ಪ ದಿನ ಇರುತ್ತಂತೆ."

"ನನಗೂ ಇತ್ತು."

"ಇತ್ತಾ, ಇದೆಯಾ?"

ಅವನು ಒಂದು ದೊಡ್ಡ ಅಲೆಯನ್ನು ಜೋಪಾನವಾಗಿ, ಅವಳಿಗಾಗಿಯೇ ಎನ್ನುವಂತೆ, ಓರೆಯಾಗಿ ದಾಟಿಸಿದ. ಅವಳು ಬಕೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೇಳಿದಳು:

"ಇವತ್ತು ಕೆಲಸ ಮುಗಿದ ಮೇಲೆ ಲಾಂಡ್ರಿ ಕಡೆ ಬರ್ತೀರಾ?"

"ಬರ್ತೀನಿ," ಎಂದ. ಈ ಸಲ ಆ ಮಾತಿಗೆ ಬರುವ ಅರ್ಥವೇ ಇತ್ತು.

ಬಂದದ್ದು ಮಾತ್ರ ಇಪ್ಪತ್ತು ನಿಮಿಷ ತಡವಾಗಿ. ಅತ್ತೆ ಗೋಡೆ ನೋಡಿ, "ಗಡಿಯಾರಕ್ಕೇನಾಯ್ತು?" ಎಂದಳು. ಅಂಗಿ ಬದಲಾಯಿಸಲು ಮನೆಗೆ ಹೋಗಿದ್ದನಂತೆ. ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ.

ಮರುವರ್ಷ ಅವರಿಬ್ಬರೂ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದರು. ಸಾಕ್ಷಿಗೆ ಸಹಿ ಹಾಕಿದ ಮುದುಕರು, ಕೋಪ ಇನ್ನೂ ಪೂರ್ತಿ ಹೋಗಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಊಟದಲ್ಲಿ ಎರಡು ಸಲ ಬಡಿಸಿಕೊಂಡರು. ಗಡಿಯಾರ ಲಾಂಡ್ರಿಯ ಮೇಲಿನ ಕೋಣೆಗೆ ಬಂದ. ಅವನ ಗೊರಕೆಯೂ ಟೈಮಿಗೆ ಸರಿಯಾಗಿ ಶುರುವಾಗುತ್ತದೆಂದು ಅತ್ತೆ ದೂರುತ್ತಾಳೆ.

ಅವಳ ಕೈಗುಣ ಹೋಗಲಿಲ್ಲ. ಬಿಸಿಲು ಸುಡುವ ಮಧ್ಯಾಹ್ನಗಳಲ್ಲಿ, ಲಾಂಚಿಗೆ ಕಾಯುವವರ ತಲೆಯ ಮೇಲೆ ಒಂದು ಬೆಡ್‌ಶೀಟಿನಷ್ಟು ಮಂಜನ್ನು ನೆರಳಿಗೆಂದು ನಿಲ್ಲಿಸುತ್ತಾಳೆ. ಮೊದಲು ಬಂದರಿಗೆ ಫೋನ್ ಮಾಡಿ, ಅಡ್ಡಿಯಿಲ್ಲವೇ ಎಂದು ಕೇಳುತ್ತಾಳೆ.